ಕೈಯಿಂದ ಕೈಗೆ ಬಂದ ಮಲ್ಲಿಗೆ

ನಮ್ಮ ಹಿತ್ತಲಿನ ಮಲ್ಲಿಗೆ ಬಳ್ಳಿ ಬೀಜದಿಂದ ಹುಟ್ಟಿದ್ದಲ್ಲ. ಮಲ್ಲಿಗೆ ಬೆಳೆಯುವ ಎಲ್ಲರಿಗೂ ಇದು ಗೊತ್ತು. ಆದರೆ ಈ ಸಣ್ಣ ಸಂಗತಿಯ ಅರ್ಥವೇನೆಂದು ನಾವು ಯೋಚಿಸುವುದು ಕಡಿಮೆ. ಬೇವು, ನೇರಳೆ, ಆಲದಂತಹ ಮರಗಳ ಬೀಜವನ್ನು ಹಕ್ಕಿ ಒಯ್ದು ಹಾಕುತ್ತದೆ. ಎಕ್ಕದ ಬೀಜವನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ. ಮಲ್ಲಿಗೆಗೆ ಈ ಭಾಗ್ಯವಿಲ್ಲ. ಅದು ಬೀಜ ಕಟ್ಟುವುದು ಬಹಳ ಅಪರೂಪ. ಅದರಲ್ಲೂ ಸುತ್ತು ಸುತ್ತಾಗಿ ಎಸಳುಗಳಿರುವ ಜಾತಿಗಳಲ್ಲಿ ಕೇಸರಗಳೇ ಎಸಳಾಗಿ ಬಿಡುವುದರಿಂದ ಬೀಜದ ಮಾತೇ ಇಲ್ಲ. ಯಾರಾದರೊಬ್ಬರು ಕಡ್ಡಿ ಮುರಿದು ಕೊಟ್ಟರೆ, ಇನ್ನೊಬ್ಬರು ಅದನ್ನು ನೆಟ್ಟು ನೀರು ಹಾಕಿದರೆ ಮಾತ್ರ ಮಲ್ಲಿಗೆಯ ವಂಶ ಮುಂದುವರಿಯುತ್ತದೆ.

ಹಾಗಾದರೆ ಇಂದು ನಮ್ಮ ಅಂಗಳದಲ್ಲಿ ಅರಳುವ ಬಳ್ಳಿಯ ಹಿಂದೆ ನೂರಾರು ವರ್ಷಗಳ ಒಂದು ಸರಪಳಿಯಿದೆ. ಕೊಟ್ಟವರು ಮತ್ತು ಪಡೆದವರ ಸರಪಳಿ ಅದು. ಎಲ್ಲಿಯೂ ಅದರ ಕೊಂಡಿ ಕಳಚಿಲ್ಲ. ಕಳಚಿದ್ದರೆ ಈ ಬಳ್ಳಿ ಇಲ್ಲಿರುತ್ತಿರಲಿಲ್ಲ. ರಾಜರ ಯುದ್ಧಗಳಿಗೆ, ಒಡಂಬಡಿಕೆಗಳಿಗೆ ದಾಖಲೆಗಳಿವೆ. ಕಡ್ಡಿ ಕೊಟ್ಟವರಿಗೆ ದಾಖಲೆಯಿಲ್ಲ. ಆದರೂ ಅವರ ಹೆಜ್ಜೆಗುರುತು ಅಲ್ಲಲ್ಲಿ ಉಳಿದಿದೆ, ಮುಖ್ಯವಾಗಿ ಹೂವಿನ ಹೆಸರುಗಳಲ್ಲಿ.

ಹೆಸರುಗಳ ಪ್ರಯಾಣ

ಮಲ್ಲಿಗೆಯದು ದೊಡ್ಡ ಕುಟುಂಬ. ದುಂಡು ಮಲ್ಲಿಗೆ, ಸುತ್ತು ಮಲ್ಲಿಗೆ, ಸೂಜಿ ಮಲ್ಲಿಗೆ, ಕಾಕಡ, ಜಾಜಿ ಹೀಗೆ ನಮ್ಮಲ್ಲೇ ಹಲವು ಬಗೆಗಳಿವೆ. ಚರಿತ್ರೆಯ ದೃಷ್ಟಿಯಿಂದ ಇವುಗಳಲ್ಲಿ ಎರಡು ಕವಲುಗಳು ಮುಖ್ಯ. ಒಂದು, ನಾವು ಮಲ್ಲಿಗೆಯೆಂದು ಮುಡಿಯುವ, ಮರಾಠಿ ಹಿಂದಿಗಳಲ್ಲಿ ಮೋಗ್ರಾ ಎನ್ನುವ ಹೂವು. ಬಿಸಿಲಿಗೆ ಹೆದರದ ಈ ಬಳ್ಳಿಗೆ ಹಿಮ ಮಾತ್ರ ಆಗದು. ಇನ್ನೊಂದು, ಕಾಕಸಸ್ ಪರ್ವತಗಳಿಂದ ಇರಾನ್, ಅಫ್ಘಾನಿಸ್ತಾನಗಳ ಮೂಲಕ ಹಿಮಾಲಯದವರೆಗೂ ಬೆಟ್ಟದ ತಪ್ಪಲುಗಳಲ್ಲಿ ಹಬ್ಬುವ ಬಿಳಿ ಯಾಸ್ಮೀನ್. ಅದು ನಮ್ಮ ಜಾಜಿಯ ಹತ್ತಿರದ ನೆಂಟ. ಚಳಿಗಾಲದಲ್ಲಿ ಎಲೆ ಉದುರಿಸಿ ಸತ್ತಂತೆ ನಿಂತು, ವಸಂತದಲ್ಲಿ ಮತ್ತೆ ಚಿಗುರುವ ಗಟ್ಟಿ ಬಳ್ಳಿ.

ಈ ಎರಡನೆಯ ಬಳ್ಳಿಯನ್ನು ಇರಾನಿನವರು ಯಾಸಮನ್ ಎಂದರು. ಅರಬ್ಬರ ಬಾಯಲ್ಲಿ ಅದು ಯಾಸಮೀನ್ ಆಯಿತು. ಸ್ಪೇನಿನಲ್ಲಿ ಹಸ್ಮಿನ್, ಫ್ರಾನ್ಸಿನಲ್ಲಿ ಜಾಸ್ಮೆ, ಇಂಗ್ಲಿಷಿನಲ್ಲಿ ಜಾಸ್ಮಿನ್ ಆಯಿತು. ಇಂದು ನಮ್ಮ ಮನೆಗಳಲ್ಲಿ ಯಾಸ್ಮೀನ್ ಎಂಬ ಹೆಣ್ಣುಮಗಳೂ ಜಾಸ್ಮಿನ್ ಎಂಬ ಹೆಣ್ಣುಮಗಳೂ ಇದ್ದರೆ ಅವರಿಬ್ಬರ ಹೆಸರೂ ಒಂದೇ.

ಹೆಸರು ಪಶ್ಚಿಮಕ್ಕೆ ಹೋದಂತೆ ಪೂರ್ವಕ್ಕೂ ಹೋಯಿತು. ದಕ್ಷಿಣ ಚೀನಾದ ಗಿಡಮರಗಳನ್ನು ಕುರಿತ ಒಂದು ಹಳೆಯ ಚೀನೀ ಗ್ರಂಥವಿದೆ. ಅದು ಜಿ ಹಾನ್ ಎಂಬಾತ ಕ್ರಿ.ಶ. 304ರಲ್ಲಿ ಬರೆದದ್ದೆಂದು ಪ್ರತೀತಿ. ಈಗಿರುವ ರೂಪ ಅಷ್ಟು ಹಳೆಯದಲ್ಲವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ಗ್ರಂಥದಲ್ಲಿ ಎರಡು ಪರಿಮಳದ ಹೂವುಗಳ ಪ್ರಸ್ತಾಪ ಬರುತ್ತದೆ. ಒಂದರ ಹೆಸರು ಯೆ-ಸಿ-ಮಿಂಗ್, ಇನ್ನೊಂದರದ್ದು ಮೋ-ಲಿ. ಎರಡನ್ನೂ ಪರದೇಶದ ಜನರು ಪಶ್ಚಿಮದ ನಾಡುಗಳಿಂದ ತಂದು ದಕ್ಷಿಣದ ಕಡಲ ತೀರದಲ್ಲಿ ನೆಟ್ಟರೆಂದು ಗ್ರಂಥಕಾರ ಹೇಳುತ್ತಾನೆ. ಯೆ-ಸಿ-ಮಿಂಗ್ ಎಂದರೆ ಫಾರ್ಸಿಯ ಯಾಸಮನ್. ಮೋ-ಲಿ ಎಂದರೆ ಸಂಸ್ಕೃತದ ಮಲ್ಲಿಕಾ, ಅಂದರೆ ನಮ್ಮ ಮಲ್ಲಿಗೆ. ಇಂದಿಗೂ ಚೀನೀಯರು ಮಲ್ಲಿಗೆಯನ್ನು ಮೋಲಿ ಎಂದೇ ಕರೆಯುತ್ತಾರೆ. ಅವರು ಪ್ರೀತಿಯಿಂದ ಕುಡಿಯುವ ಮಲ್ಲಿಗೆ ಚಹಾದ ಹೆಸರಿನಲ್ಲೂ ಆ ಪದವೇ ಇದೆ. ಹಡಗಿನಲ್ಲಿ ಕಡ್ಡಿ ಒಯ್ದವನ ಹೆಸರು ಯಾರಿಗೂ ತಿಳಿಯದು. ಆದರೆ ಅವನು ಕಡ್ಡಿಯ ಜೊತೆಗೆ ಪದವನ್ನೂ ಕೊಟ್ಟು ಹೋದ.

ಮೋಗ್ರಾ ಮಲ್ಲಿಗೆಯ ಸಸ್ಯಶಾಸ್ತ್ರೀಯ ಹೆಸರಿನಲ್ಲೂ ಇಂತಹ ಕತೆಯಿದೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಗಿಡಕ್ಕೆ ಕೊಟ್ಟ ಹೆಸರಿನಲ್ಲಿ 'ಸಂಬಾಕ್' ಎಂಬ ಪದವಿತ್ತು. 1789ರಲ್ಲಿ ಇಂಗ್ಲೆಂಡಿನ ಏಟನ್ ಅದನ್ನು ಮಲ್ಲಿಗೆಯ ಕುಲಕ್ಕೆ ಸೇರಿಸಿದ ಮೇಲೆ 'ಜಾಸ್ಮಿನಮ್ ಸಂಬಾಕ್' ಎಂಬ ಹೆಸರು ನಿಂತಿತು. ಸಂಬಾಕ್ ಎಂಬುದು 'ಝಂಬಕ್' ಎಂಬ ಪದದ ಲ್ಯಾಟಿನ್ ರೂಪ. ಹಳೆಯ ಅರಬ್ಬಿ ವೈದ್ಯರು, ಅತ್ತರು ವ್ಯಾಪಾರಿಗಳು ಮಲ್ಲಿಗೆಯಲ್ಲಿ ವಾಸಿತಗೊಳಿಸಿದ ಎಣ್ಣೆಯನ್ನು ಝಂಬಕ್ ಎನ್ನುತ್ತಿದ್ದರು. ಭಾರತದ ಬಳ್ಳಿ, ಅರಬ್ಬಿ ಹೆಸರು, ಲ್ಯಾಟಿನ್ ವೇಷ. ಒಂದು ಹೂವಿನ ಹೆಸರು ಹೇಳಬೇಕಾದರೂ ಮೂರು ಸಂಸ್ಕೃತಿಗಳು ಕೂಡಬೇಕಾಯಿತು.

ಗಟ್ಟಿ ಬೇರು, ಮೃದು ಹೂವು

ಅರಬ್ಬರು ಹೆಸರನ್ನಷ್ಟೇ ಕೊಂಡೊಯ್ಯಲಿಲ್ಲ, ಕೃಷಿಯ ಅರಿವನ್ನೂ ಒಯ್ದರು. ಮುಸ್ಲಿಮರ ಆಳ್ವಿಕೆಯ ಸ್ಪೇನಿನಲ್ಲಿ ತೋಟಗಾರಿಕೆ ಒಂದು ಶಾಸ್ತ್ರವಾಗಿ ಬೆಳೆಯಿತು. 12ನೇ ಶತಮಾನದ ಕೊನೆಯ ಭಾಗದಲ್ಲಿ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಬರೆದ 'ಕಿತಾಬುಲ್ ಫಿಲಾಹ' ಎಂಬ ಕೃಷಿ ಗ್ರಂಥದಲ್ಲಿ ಐನೂರಕ್ಕೂ ಹೆಚ್ಚು ಸಸ್ಯಗಳ ವಿವರವಿದೆ. ಅದರಲ್ಲಿ ಮಲ್ಲಿಗೆಯನ್ನು ಬೆಳೆಸುವ ಬಗೆಯೂ ಸೇರಿದೆ. ಮುಂದೆ ಯುರೋಪಿನವರು ನಮ್ಮ ಜಾಜಿಯನ್ನು 'ಸ್ಪೇನಿನ ಮಲ್ಲಿಗೆ' ಎಂದೂ, ಮೋಗ್ರಾವನ್ನು 'ಅರೇಬಿಯಾದ ಮಲ್ಲಿಗೆ' ಎಂದೂ ಕರೆಯತೊಡಗಿದರು. ಎರಡೂ ಆ ನಾಡುಗಳಲ್ಲಿ ಹುಟ್ಟಿದ ಬಳ್ಳಿಗಳಲ್ಲ. ಕೊಟ್ಟವರ ಹೆಸರೇ ಹೂವಿಗೆ ಅಂಟಿಕೊಂಡಿತು.

ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣ ಸುಗಂಧ ದ್ರವ್ಯಕ್ಕೆ ಜಗತ್ಪ್ರಸಿದ್ಧ. ಚರ್ಮ ಹದ ಮಾಡುವವರ ಊರಾಗಿದ್ದ ಅದು, ಚರ್ಮದ ಕೈಗವಸುಗಳ ವಾಸನೆ ಕಳೆಯಲು ಹೂವಿನ ಮೊರೆಹೋಗಿ, ಕ್ರಮೇಣ ಸುಗಂಧದ ಊರಾಯಿತು. ಅಲ್ಲಿನ ಹೊಲಗಳಲ್ಲಿ ಬೆಳೆಯುವುದು ಇದೇ ಜಾಜಿಯ ಜಾತಿ. ಆದರೆ ಜಾಜಿಗೆ ಅಲ್ಲಿನ ಚಳಿ ತಡೆಯದು. ಆದ್ದರಿಂದ ರೈತರು ಚಳಿ ತಾಳುವ ಬಿಳಿ ಯಾಸ್ಮೀನಿನ ಬೇರುಗಿಡಕ್ಕೆ ಜಾಜಿಯ ಕಡ್ಡಿಯನ್ನು ಕಸಿ ಕಟ್ಟಿದರು. ಒಂದರ ಗಟ್ಟಿತನ, ಇನ್ನೊಂದರ ಪರಿಮಳ. ಬೇರೆ ಬೇರೆ ನಾಡುಗಳಿಂದ ಬಂದ ಎರಡು ಬಳ್ಳಿಗಳು ಮೂರನೆಯ ನಾಡಿನಲ್ಲಿ ಒಂದೇ ಗಿಡವಾಗಿ ಬಾಳಿದವು.

ಮಲ್ಲಿಗೆಯಿಂದ ಪರಿಮಳ ತೆಗೆಯುವ ಕೆಲಸವೂ ಸುಲಭದ್ದಲ್ಲ. ಒಂದು ಕಿಲೋ ತೂಗಲು ಸುಮಾರು 8,000ದಿಂದ 10,000 ಹೂವು ಬೇಕು. ಗುಲಾಬಿಯಂತೆ ಇದನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಪರಿಮಳ ಕೆಡುತ್ತದೆ. ಆದರೆ ಮಲ್ಲಿಗೆಗೆ ಒಂದು ವಿಶೇಷ ಗುಣವಿದೆ. ಬಳ್ಳಿಯಿಂದ ಕಿತ್ತ ಮೇಲೂ ಅದು ಗಂಟೆಗಟ್ಟಲೆ ಹೊಸ ಪರಿಮಳ ಬಿಡುತ್ತಲೇ ಇರುತ್ತದೆ. ಗ್ರಾಸ್‌ನವರು ಈ ಗುಣವನ್ನು ಬಳಸಿ, ಗಾಜಿನ ಹಲಗೆಗೆ ಕೊಬ್ಬು ಸವರಿ ಅದರ ಮೇಲೆ ಹೂವು ಹರಡುತ್ತಿದ್ದರು. ಕೊಬ್ಬು ಪರಿಮಳ ಹೀರುತ್ತಿತ್ತು. ನಮ್ಮ ನಾಡಿನಲ್ಲಿ ಕೊಬ್ಬಿನ ಬದಲು ಎಳ್ಳು ಇತ್ತು. ಎಳ್ಳಿನ ಒಂದು ಪದರ, ಹೂವಿನ ಒಂದು ಪದರ ಹಾಕಿ, ಬಾಡಿದ ಹೂವು ತೆಗೆದು ಹೊಸತು ಹಾಕುತ್ತಾ, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಯುತ್ತಿದ್ದರು. ಎರಡರ ಹಿಂದಿನ ತತ್ವವೂ ಒಂದೇ.

ಕನ್ನಡ ನಾಡಿನ ನೆನಪು

ಎಳ್ಳೆಣ್ಣೆಯ ಮಾತು ಬಂದಾಗ ಕನ್ನಡ ನಾಡನ್ನು ಮರೆಯುವಂತಿಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ' ದಿನಬಳಕೆಯ ವಿದ್ಯೆಗಳ ಕೋಶ. ಅದರಲ್ಲಿ ವೃಕ್ಷಾಯುರ್ವೇದಕ್ಕೂ ಸುಗಂಧ ತಯಾರಿಕೆಗೂ ಬೇರೆ ಬೇರೆ ಅಧ್ಯಾಯಗಳಿವೆ. ನೂರು ವರ್ಷಗಳ ಅನಂತರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಹೂಮಾಲೆಯ, ಗಂಧದ, ಸುವಾಸಿತ ಎಣ್ಣೆಯ ಸ್ನಾನದ ವಿವರಗಳು ಬರುತ್ತವೆ.

ಮುಂದೆ ಉತ್ತರ ಭಾರತಕ್ಕೆ ಬಂದ ಬಾಬರ್ ಇಲ್ಲಿನ ಬಹಳಷ್ಟನ್ನು ಮೆಚ್ಚಲಿಲ್ಲ. ಬಿಸಿಲು, ಧೂಳು ಎಲ್ಲಕ್ಕೂ ಅವನ ಗೊಣಗಾಟವಿದೆ. ಆದರೆ ಆತ್ಮಕತೆಯಲ್ಲಿ ಹಿಂದೂಸ್ತಾನದ ಹೂವುಗಳ ಬಗ್ಗೆ ಬರೆಯುವಾಗ ಇಲ್ಲಿನ ಬಿಳಿ ಮಲ್ಲಿಗೆ ತನ್ನ ನಾಡಿನ ಯಾಸಮನ್‌ಗಿಂತ ದೊಡ್ಡದು, ಅದರ ಪರಿಮಳವೂ ಹೆಚ್ಚು ಎಂದು ಒಪ್ಪಿಕೊಳ್ಳುತ್ತಾನೆ. ಅವನ ಮೊಮ್ಮಗ ಅಕ್ಬರನ ಕಾಲಕ್ಕೆ ಅಬುಲ್ ಫಝಲ್ 'ಆಯಿನೆ ಅಕ್ಬರಿ'ಯಲ್ಲಿ ಪರಿಮಳದ ಹೂವುಗಳ ಪಟ್ಟಿ ಕೊಡುವಾಗ ಚಂಬೇಲಿ, ರಾಯ್‌ಬೇಲ್, ಮೋಂಗ್ರಾ, ಜೂಹಿ ಎಂದು ಮಲ್ಲಿಗೆಯ ಬಂಧುಗಳನ್ನು ಒಂದೊಂದಾಗಿ ಬೇರ್ಪಡಿಸಿ ಹೇಳುತ್ತಾನೆ. ಅಷ್ಟು ಹೊತ್ತಿಗೆ ಅವು ಪರದೇಶಿಯ ಕಣ್ಣಿಗೆ ಬಿದ್ದ ಹೂವುಗಳಾಗಿರಲಿಲ್ಲ, ಮನೆಯ ಹೂವುಗಳಾಗಿದ್ದವು.

ದಖ್ಖನಿನಲ್ಲಿ ಈ ಬೆಸುಗೆ ಇನ್ನೂ ಗಾಢ. ವಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ್ (ಆಳ್ವಿಕೆ 1580-1627) ಸಂಗೀತಪ್ರಿಯನೆಂದು ನಮಗೆ ಗೊತ್ತು. ಅವನ ಆಸ್ಥಾನದಲ್ಲಿ 'ಇತ್ರೆ ನೌರಸ್ ಶಾಹಿ' ಎಂಬ ಫಾರ್ಸಿ ಕೃತಿಯೂ ರಚನೆಯಾಯಿತು. ಅದು ಪರಿಮಳವನ್ನೇ ವಿಷಯವಾಗಿಟ್ಟುಕೊಂಡ ಪುಸ್ತಕ. ಅದೇ ವಿಜಾಪುರದಲ್ಲಿ 1657ರ ಹೊತ್ತಿಗೆ ನುಸ್ರತಿ ದಖ್ಖನಿ ಭಾಷೆಯಲ್ಲಿ 'ಗುಲ್ಶನೆ ಇಶ್ಕ್' ಎಂಬ ಪ್ರೇಮಕಾವ್ಯ ಬರೆದ. ಅದರ ತೋಟದ ವರ್ಣನೆಗಳು ಹೆಸರಾಗಿವೆ. ವಿಜಾಪುರವೆಂದರೆ ಗೋಲಗುಮ್ಮಟವೆಂದು ಮಾತ್ರ ತಿಳಿದಿರುವ ನಮ್ಮ ಮಕ್ಕಳಿಗೆ ಆ ಊರು ಹೂವಿನ, ಪರಿಮಳದ ಊರೂ ಆಗಿತ್ತೆಂದು ಯಾರು ಹೇಳಬೇಕು? ಕಲ್ಲು ಉಳಿಯುತ್ತದೆ, ಬಳ್ಳಿ ಉಳಿಯುವುದಿಲ್ಲ. ಚರಿತ್ರೆಯ ನಮ್ಮ ಕಲ್ಪನೆಯೂ ಕಲ್ಲಿನಲ್ಲೇ ನಿಂತುಬಿಟ್ಟಿದೆ.

ಕಡ್ಡಿ ಕೊಡದ ದೊರೆ

ನಮ್ಮ ನೆರೆಯ ಗೋವೆಯಿಂದ ಹೊರಟ ಒಂದು ಮಲ್ಲಿಗೆಯ ಕತೆ ಇಲ್ಲಿ ಹೇಳಬೇಕು. ಪೋರ್ಚುಗೀಸರು ಗೋವೆಯಲ್ಲಿ ಕೊಂಕಣಿ, ಮರಾಠಿಗಳ ಮೋಗ್ರಾ ಪದವನ್ನು 'ಮೊಗಾರಿಂ' ಮಾಡಿಕೊಂಡರು. 17ನೇ ಶತಮಾನದ ಕೊನೆಯ ಭಾಗದಲ್ಲಿ ಗೋವೆಯ ಒಂದು ಸುತ್ತು ಮಲ್ಲಿಗೆ ಇಟಲಿಯ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಡಿ ಮೆಡಿಚಿಯ ಕೈಸೇರಿತು. ಇಟಲಿಯವರು ಅದನ್ನು 'ಮುಗೆರೀನೊ' ಎಂದರು. ಫ್ಲಾರೆನ್ಸ್ ಬಳಿಯ ಕಾಸ್ಟೆಲ್ಲೊ ಅರಮನೆಯ ತೋಟದಲ್ಲಿ ಈ ಬಳ್ಳಿಯನ್ನು ಚಳಿಯಿಂದ ಕಾಪಾಡಲು ಬೇರೆಯೇ ಒಂದು ಬೆಚ್ಚನೆಯ ಮನೆ ಕಟ್ಟಲಾಯಿತು.

ದೊರೆಗೆ ಈ ಹೂವಿನ ಮೇಲೆ ಎಷ್ಟು ಮೋಹವೆಂದರೆ ಇದು ಬೇರೆ ಯಾರ ತೋಟಕ್ಕೂ ಹೋಗಬಾರದೆಂದು ಕಾವಲಿಟ್ಟನಂತೆ. ಟಸ್ಕನಿಯ ದಂತಕತೆಯೊಂದು ಹೀಗಿದೆ: ದೊರೆಯ ತೋಟದ ಮಾಲಿ ತಾನು ಮದುವೆಯಾಗಲಿದ್ದ ಹುಡುಗಿಗೆ ಗುಟ್ಟಾಗಿ ಮಲ್ಲಿಗೆಯ ಒಂದು ರೆಂಬೆ ಕೊಟ್ಟ. ಅವಳು ಅದನ್ನು ಬಾಡಲು ಬಿಡದೆ ಮಣ್ಣಿಗೆ ನೆಟ್ಟಳು. ಅದು ಚಿಗುರಿತು. ಕಡ್ಡಿಗಳನ್ನು ಮಾರಿ ಬಂದ ಹಣದಿಂದ ಆ ಬಡ ಜೋಡಿಯ ಮದುವೆ ನಡೆಯಿತು. ಕತೆ ನಿಜವೋ ಸುಳ್ಳೋ, ಅದರಲ್ಲಿ ಮಲ್ಲಿಗೆಯ ಸ್ವಭಾವ ಸರಿಯಾಗಿ ಮೂಡಿದೆ. ಬೀಜವಿಲ್ಲದ ಬಳ್ಳಿಯನ್ನು ಒಂದೇ ಬೇಲಿಯೊಳಗೆ ಇಟ್ಟರೆ ಒಂದು ಹಿಮದ ರಾತ್ರಿ, ಒಂದು ರೋಗ ಸಾಕು, ಅದರ ಕತೆ ಮುಗಿಯುತ್ತದೆ. ಹಂಚಿದರೆ ಹತ್ತು ಮನೆಯಲ್ಲಿ ಒಂದಾದರೂ ಉಳಿಯುತ್ತದೆ. ಮಲ್ಲಿಗೆಯ ಮಟ್ಟಿಗೆ ಕೊಡುವುದೇ ಕಾಪಾಡುವ ದಾರಿ.

ಕರಾವಳಿಯ ಚೆಂಡು ಮತ್ತು ಅಟ್ಟೆ

ಈ ಮಾತಿಗೆ ನಮ್ಮ ಕರಾವಳಿಯೇ ಜೀವಂತ ಸಾಕ್ಷಿ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಬೆಳೆಯುವ ಮಲ್ಲಿಗೆಗೆ ತನ್ನದೇ ಲೆಕ್ಕವಿದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂವು. ಬೆಳಿಗ್ಗೆ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಕಟ್ಟೆಗೆ ಮುಟ್ಟಿಸಬೇಕು. ಬೆಲೆ ದಿನದಿನಕ್ಕೆ ಬದಲಾಗುತ್ತದೆ. ಮದುವೆಯ ಕಾಲದಲ್ಲಿ ಏರಿ, ಮಳೆಗಾಲದಲ್ಲಿ ಇಳಿಯುತ್ತದೆ. ಈ ಕೃಷಿಯ ಬಹುಪಾಲು ದುಡಿಮೆ ಹೆಂಗಸರದ್ದು. ಗೇಣಗಲ ಜಾಗದಲ್ಲಿ ಹತ್ತಿಪ್ಪತ್ತು ಗಿಡ ಇಟ್ಟುಕೊಂಡು ಮಕ್ಕಳ ಶಾಲೆಯ ಖರ್ಚು ನೀಗಿಸಿದ ತಾಯಂದಿರು ಅಲ್ಲಿ ಎಷ್ಟೋ ಮಂದಿ.

ಇಲ್ಲಿ ಬೆಳೆಯುವವರಲ್ಲಿ ಕ್ರೈಸ್ತರು ಬಹಳ. ಅವರು ಕಟ್ಟಿದ ಹೂವು ದೈವದ ಕೋಲಕ್ಕೆ ಹೋಗುತ್ತದೆ, ದೇವಸ್ಥಾನಕ್ಕೆ ಹೋಗುತ್ತದೆ, ಇಗರ್ಜಿಯ ಮದುವೆಗೆ ಹೋಗುತ್ತದೆ, ಬ್ಯಾರಿ ಮದುಮಗಳ ಜಡೆಯನ್ನೂ ಸೇರುತ್ತದೆ. ಇನ್ನಷ್ಟು ಉತ್ತರಕ್ಕೆ ಹೋದರೆ ಭಟ್ಕಳ ಮಲ್ಲಿಗೆ. ಅರಬ್ಬಿ, ಫಾರ್ಸಿ ಪದಗಳು ಬೆರೆತ ಕೊಂಕಣಿ ಮಾತಾಡುವ ನವಾಯತರ ಮನೆಗಳಲ್ಲಿ ಮಲ್ಲಿಗೆಯಿಲ್ಲದೆ ಮದುವೆಯಿಲ್ಲ. ಬಯಲುಸೀಮೆಯಲ್ಲಿ ಹೂಗಾರರು ಕಟ್ಟಿದ ಹೂವು ಗುಡಿಯ ಮೂರ್ತಿಗೂ ಏರುತ್ತದೆ, ದರ್ಗಾದ ಚಾದರವೂ ಆಗುತ್ತದೆ, ಮದುಮಗನ ಸೆಹರಾವೂ ಆಗುತ್ತದೆ. ಹೂವನ್ನೂ ನಮ್ಮದು, ಅವರದು ಎಂದು ವಿಂಗಡಿಸುವ ಮಾತು ಕೇಳಿಬರುವ ಕಾಲವಿದು. ಅಂತಹವರು ಒಂದು ಅಟ್ಟೆ ಮಲ್ಲಿಗೆಯನ್ನು ಬಿಚ್ಚಿ, ಇದರಲ್ಲಿ ಯಾವ ಹೂವು ಯಾರದೆಂದು ಹೇಳಬಲ್ಲರೇ?

2007-08ರಲ್ಲಿ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರಿನ ದುರುಪಯೋಗ ತಡೆಯಲು ಅದು ಬೇಕು. ಆದರೆ ಕಾನೂನು ಹೆಸರನ್ನು ಕಾಪಾಡೀತು, ಬಳ್ಳಿಯನ್ನು ಕಾಪಾಡಲಾರದು. ಮೈಸೂರು ಮಲ್ಲಿಗೆ ಎಂದರೆ ಕನ್ನಡಿಗರಿಗೆ ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನ ನೆನಪಾಗುತ್ತದೆ. ಪುಸ್ತಕ ಮರುಮುದ್ರಣ ಕಾಣುತ್ತಲೇ ಇದೆ. ಹೂವಿನ ತೋಟಗಳು ಮಾತ್ರ ನಗರ ಬೆಳೆದಂತೆ ಬಡಾವಣೆಗಳಾಗಿ ಕುಗ್ಗುತ್ತಾ ಬಂದಿವೆ. ಹೊಲ ಮಾರಿದವನು ಬಳ್ಳಿಯನ್ನು ಜೊತೆಗೆ ಒಯ್ಯಲಾರ. ಅವನ ನೆರೆಯವನು ಕಡ್ಡಿ ಕೇಳದಿದ್ದರೆ ಅಲ್ಲಿಗೆ ಒಂದು ಕೊಂಡಿ ಕಳಚಿತು.

ನೆಡುವುದು ಹೇಗೆ?

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆ ಬೇಡ. ಒಂದು ಕಡ್ಡಿ ಸಾಕು. ಮಳೆಗಾಲ ಶುರುವಾದ ಮೇಲೆ ಪೆನ್ಸಿಲಿನಷ್ಟು ದಪ್ಪದ, ಪೂರ್ತಿ ಬಲಿಯದ, ಎಳೆಯದೂ ಅಲ್ಲದ ಕಡ್ಡಿಯನ್ನು ಮೂರು ನಾಲ್ಕು ಗೆಣ್ಣು ಇರುವಂತೆ ಗೇಣುದ್ದಕ್ಕೆ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮರಳು ಬೆರೆಸಿದ ಮಣ್ಣಿನೊಳಗೆ ಇರುವಂತೆ ಊರಿ, ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಬೇರು ಬಿಡುತ್ತದೆ. ಇನ್ನೂ ಭದ್ರವಾದ ದಾರಿಯೆಂದರೆ, ತಾಯಿಬಳ್ಳಿಯ ಒಂದು ರೆಂಬೆಯನ್ನು ನೆಲಕ್ಕೆ ಬಾಗಿಸಿ, ನಡುವಿನ ಗೆಣ್ಣಿಗೆ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡುವುದು. ಎರಡು ಮೂರು ತಿಂಗಳಲ್ಲಿ ಅಲ್ಲಿ ಬೇರು ಮೂಡುತ್ತದೆ. ಆಗ ಕತ್ತರಿಸಿ ಬೇರೆ ನೆಡಬಹುದು.

ಮಲ್ಲಿಗೆ ಕೇಳುವುದು ಎರಡನ್ನು: ದಿನಕ್ಕೆ ಅರ್ಧ ದಿನವಾದರೂ ಬಿಸಿಲು, ಮತ್ತು ಬುಡದಲ್ಲಿ ನೀರು ನಿಲ್ಲದ ಮಣ್ಣು. ತಾರಸಿಯ ಕುಂಡದಲ್ಲೂ ಅದು ಬದುಕುತ್ತದೆ. ಕೊಟ್ಟಿಗೆ ಗೊಬ್ಬರ, ನೆನೆಸಿದ ನೆಲಗಡಲೆ ಹಿಂಡಿ ಅದಕ್ಕೆ ಪ್ರಿಯ. ಅನೇಕರು ಮಾಡುವ ತಪ್ಪೆಂದರೆ ಬಳ್ಳಿಗೆ ಕತ್ತರಿ ಹಾಕಲು ಹಿಂಜರಿಯುವುದು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ನವೆಂಬರ್ ಕೊನೆಯಿಂದ ಜನವರಿಯೊಳಗೆ ಕೆಲವು ದಿನ ನೀರು ನಿಲ್ಲಿಸಿ, ಬಳ್ಳಿಯನ್ನು ಮೊಳಕಾಲೆತ್ತರಕ್ಕೆ ಸವರಿ, ಆಮೇಲೆ ಗೊಬ್ಬರ ನೀರು ಕೊಟ್ಟರೆ ಬೇಸಿಗೆಯಲ್ಲಿ ಮೈತುಂಬ ಮೊಗ್ಗು. ಸವರಿದ ರೆಂಬೆಗಳನ್ನು ಎಸೆಯಬೇಕಾಗಿಲ್ಲ. ಅವುಗಳಲ್ಲಿ ಹದವಾದ ಕಡ್ಡಿಗಳನ್ನು ಆರಿಸಿ ಪಕ್ಕದ ಮನೆಯವರಿಗೆ ಕೊಡಬಹುದು. ಹೂವು ಹೆಚ್ಚಲು ಬಳ್ಳಿಯನ್ನು ಕತ್ತರಿಸಲೇಬೇಕು, ಕತ್ತರಿಸಿದ್ದನ್ನು ಕೊಟ್ಟರೆ ನಮಗೇನೂ ಕಡಿಮೆಯಾಗದು.

ಯಾರಾದರೂ ಸುಗಂಧದ ಸಸ್ಯವನ್ನು ಕೊಟ್ಟರೆ ಬೇಡವೆನ್ನಬಾರದು, ಅದು ಹೊರಲು ಹಗುರ, ಪರಿಮಳದಲ್ಲಿ ಒಳ್ಳೆಯದು ಎಂಬ ಅರ್ಥದ ಪ್ರವಾದಿವಚನವೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕೊಡುವುದು ಒಂದು ಸದ್ಗುಣವಾದರೆ, ಕೊಟ್ಟದ್ದನ್ನು ಪ್ರೀತಿಯಿಂದ ತೆಗೆದುಕೊಳ್ಳುವುದೂ ಒಂದು ಸದ್ಗುಣ. ಮಲ್ಲಿಗೆಯ ಸರಪಳಿಗೆ ಎರಡೂ ಕೈ ಬೇಕು. ಕೊಡುವವರು ಜಾತಿ ಕೇಳಿದ್ದರೆ, ಪಡೆಯುವವರು ಧರ್ಮ ನೋಡಿದ್ದರೆ ಈ ಬಳ್ಳಿ ಚೀನಾ ತಲುಪುತ್ತಿರಲಿಲ್ಲ, ಸ್ಪೇನ್ ಕಾಣುತ್ತಿರಲಿಲ್ಲ, ನಮ್ಮ ಹಿತ್ತಲಿಗೂ ಬರುತ್ತಿರಲಿಲ್ಲ.

ಹಿತ್ತಲುಗಳು ಕಿರಿದಾಗುತ್ತಿವೆ. ನೆರೆಮನೆಗೆ ಹೋಗಿ ಕಡ್ಡಿ ಕೇಳುವ ಸಲಿಗೆಯೂ ಕಿರಿದಾಗುತ್ತಿದೆ. ಮೊದಲನೆಯದಕ್ಕೆ ಕುಂಡವಿದೆ. ಎರಡನೆಯದಕ್ಕೆ ನಾವೇ ಎದ್ದು ನೆರೆಯವರ ಬಾಗಿಲು ತಟ್ಟಬೇಕು. ಈ ಮಳೆಗಾಲದಲ್ಲಿ ಒಂದು ಕಡ್ಡಿ ಕೇಳಿ ತರೋಣ, ಒಂದು ಕಡ್ಡಿ ಕೊಟ್ಟು ಬರೋಣ.